ಹೊತ್ತು ತರದ ನೀರು

ಗದಗ ರೋಡಿನ ರೈಲ್ವೆ ಕ್ವಾರ್ಟರ್ಸು. ನಮ್ಮದು ಹನ್ನೊಂದು,
ಅವರದು ಹನ್ನೆರಡು. ನಡುವೆ ಮೆಹೆಂದಿ ಬೇಲಿ,
ಬೇಲಿಯಾಗೊಂದು ನಾಯಿಗಂಡಿ; ನಾನೂ ಅದರಾಗ ತೂರತಿದ್ದೆ.
ಶೆಗುಲಾಬಾಯಿ ಪೆಣಕರ. ಶನಿವಾರ ಒಲಿ ಹಚ್ಚದ ಮನಿ.
ಅಜ್ಜಿ ಕೇಳತಿದ್ದಳು: ಹನುಮಪ್ಪಗ ನಡಕೋತೀರೇನ?
ಆಕಿ ನಗತಿದ್ದಳು: ಅಲ್ಲರೀ ಆಯಿ, ದೇವರಿಗೂ ಒಂದಿನ ಸೂಟಿ.

ವರ್ಕಶಾಪಿನ ಫಿಟ್ಟರ ಸಿಮ್ಶೋನ ಮಾಮಾ
ಹಿತ್ತಲದಾಗ ಗುಂಡಿ ತೋಡಿದ:
ಆಳೆತ್ತರ, ಐದು ಮೆಟ್ಟಲ, ಒಳಗ ಸಿಮೆಂಟಿನ ಗಿಲಾವು,
ತಗಡಿನ ಮಾಡಿನಿಂದ ನೇರ ಅದರ ಬಾಯಿಗೆ ದೋಣಿ.
ಟಾಕಿ ಕಟ್ಟ್ಯಾನ, ಶಾಣ್ಯಾ, ಅಂದಿತು ಓಣಿ.
ಅಜ್ಜಿಗೆ ಮಾತ್ರ ಗೊತ್ತಾತು. ಹೆಂಗಸರ ಲೆಕ್ಕ
ಹೆಂಗಸರಿಗೆ ಲಗೂನ ತಿಳೀತದ.

'ನಮ್ಮಲ್ಲಿ ನಾಕನೇ ದಿನ ತಲಿಮ್ಯಾಲೆ ನೀರು. ನಿಮ್ಮಲ್ಲಿ?'
'ನಿಂತ ಮ್ಯಾಲೆ ಏಳು ದಿನ ಎಣಸಬೇಕ್ರಿ. ಆಮ್ಯಾಲೆ ತೆಬಿಲಾ.
ಸುರಕೊಳ್ಳೂದಲ್ಲ, ಇಳಿಯೂದು.
ಮುಗಿಲಿಂದ ಬಂದದ್ದು, ಇಲ್ಲಾ ನೆಲದಿಂದ ಉಕ್ಕಿದ್ದು.
ಕೊಡದಾಗ ಹೊತ್ತು ತಂದದ್ದು ನಡಿಯಂಗಿಲ್ಲ.'
ಅಜ್ಜಿ ತನ್ನ ನೆತ್ತಿ ಮುಟ್ಟಿ ನೋಡಿಕೊಂಡಳು,
ಐವತ್ತು ವರ್ಷ ಸಿಂಬಿ ಕೂತು ಕೂದಲು ಹೋದ ಜಾಗ.
'ಹೊರದ ನೀರು ಅಂತ ಒಂದು ಐತೇನವಾ?'

ಆ ಬ್ಯಾಸಗಿ ನೀರಸಾಗರದ ತಳ ಕಂಡಿತು.
ನಳ ಹದಿಮೂರು ದಿನಕ್ಕೊಮ್ಮೆ ಕೆಮ್ಮಿ
ಎರಡು ಕೊಡ ಕೆಂಪು ರಾಡಿ ಕಕ್ಕಿ ಸುಮ್ಮನಾಗತಿತ್ತು.
ಮಸ್ತಾನಬಿಯ ಸೊಸಿ ಹಡೆದು ಮೂರು ದಿನ,
ಕೂಸಿನ ಬಟ್ಟಿ ಒಗೀಲಿಕ್ಕೆ ಹನಿಯಿಲ್ಲ.
ಶೆಗುಲಾಬಾಯಿ ಗುಂಡಿಯ ಮುಚ್ಚಳ ಹಿಡಕೊಂಡು
ಎಷ್ಟೊತ್ತು ನಿಂತಿದ್ದಳೋ. ಎದಿಮಟ ಇರಬೇಕಂತ;
ಕಮ್ಮಿಯಾತಂದರ ಅದು ಬರೇ ನೀರು.
ಆಮ್ಯಾಲೆ ತಗಡು ಸರಿಸಿದ ಸಪ್ಪಳ
ಇಡೀ ಲೈನಿಗೆ ಕೇಳಿಸಿತು.
ಸಂಜಿಮಟ ಹಗ್ಗ, ಕೊಡ, ಹಗ್ಗ, ಕೊಡ.
ಕಡೀ ಮೆಟ್ಟಲದ ಪಾಚಿ ಬಿಸಲಿಗೆ ಬಂತು.

ಮುಂದಿನ ತಿಂಗಳಿಂದ ಮಾಮಾನ ಹೊರಸು ಜಗಲಿಮ್ಯಾಲೆ.
ಮೇ ಹೋತು. ರೋಹಿಣಿ ಒಣಾ. ಮಿರಗಾ ಒಣಾ.
ಆತ ಅಂಗಾತ ಮಲಗಿ ಬೀಡಿ ಹಚ್ಚಿ
ಮುಗಿಲಿಗೆ ಬೈತಿದ್ದ, ಮರಾಠಿಯೊಳಗ.
ಗಂಡ ಹೆಂಡರ ಜಗಳ ಅಂತ ಗಂಡಸರು ನಕ್ಕರು.
ಹೆಂಗಸರು ನಗಲಿಲ್ಲ. ಆ ಹೊರಸಿನ ಭಾರ
ಅವರ ಕೊಡದಾಗಿತ್ತು.

ನಳ ಬಂದ ದಿನ ನಾನೊಂದು ತಂಬಿಗಿ ತುಂಬಿ
ಬೇಲಿ ತೂರಿ ಒಯ್ದೆ, ಗುಂಡಿಗೆ ಸುರುವಲಿಕ್ಕೆ.
ಆಕಿ ಕೈ ಹಿಡಿದಳು. 'ಬ್ಯಾಡ ಗುರಸಿದ್ದಿ.'
ತಂಬಿಗಿ ಇಸಕೊಂಡು
ಗಟಗಟ ಕುಡಿದಳು, ಅಷ್ಟೂ.

ಆರಿದ್ರಾದ ಮೂರನೇ ರಾತ್ರಿ ತಗಡಿನ ಮ್ಯಾಲೆ
ಯಾರೋ ಹಿಡಿ ಜೋಳ ಚೆಲ್ಲಿದಂಗ,
ಆಮ್ಯಾಲೆ ಚೀಲಾನ ಬೋರಲ ಹಾಕಿದಂಗ.

'ನೋಡಲಿಕ್ಕೆ ನಮ್ಮಾಕಿ ಒಬ್ಬಾಕಿ ಬೇಕು. ನಮ್ಮವರು ಪುಣೆದಾಗ ಅದಾರ.
ನಿನಗ ಕಣ್ಣು ಅದಾವಲ್ಲ. ಬಾ.'
ಕಂದೀಲು ನನ್ನ ಕೈಯಾಗ. ಬಳಿ ತಗದಳು. ಕಾಲುಂಗರ, ಕರಿಮಣಿ,
ಮೂಗಿನ ಹರಳು, ಹೆಬ್ಬೆರಳಿಗೆ ಸುತ್ತಿದ ಅರಿವಿ ಚೂರು.
ಉಂಗುರ ಬರವಲ್ದು; ಸಾಬಾಣ ಹಚ್ಚಿ, ಹಲ್ಲಿಲೆ ಎಳೆದು.
ಉಗುರಿನ ಸಂದಿನ ಕಣಕ.
ನೀರಿಗೂ ಮೈಗೂ ನಡುವೆ ಒಂದು ಎಳೀನೂ ಇರಬಾರದಂತ.

ಇಳಿದಳು. ಮುಳುಗಿದಳು. ನೀರು ಮುಚ್ಚಿಕೊಂಡಿತು.
ಎದ್ದು, ಉಸುರು ತಗೊಂಡು: 'ಪೂರಾ?'
ಕೂದಲದ ತುದಿ, ಬೆರಳುದ್ದ, ತೇಲಿತ್ತು. ಕಂಡಿದ್ದೆ.
ಚಳಿಗೆ ಆಕಿಯ ಗದ್ದ ನಡಗತಿತ್ತು.
ಮಾಮಾ ಒಳಗ ಕೆಮ್ಮಿದ.
ಹೂಂ ಅಂದಿದ್ದರ ಆಗತಿತ್ತು.

'ಇನ್ನೊಮ್ಮೆ' ಅಂದೆ.

ಮುಂಜಾನೆ ಜಗಲಿ ಖಾಲಿ. ಎರಡು ಬೀಡಿ ತುಂಡು.
ಅಜ್ಜಿ ಬೇಲಿಗಂಡಿಯಾಗ ಹಣಿಕಿ ನೋಡಿ,
ಏನೂ ಅನ್ನದ, ಕೊಡ ನಡಕ್ಕಿಟಕೊಂಡು
ನಳಕ್ಕ ನಡದಳು. ಸಿಂಬಿ ಗೂಟದಾಗ ಉಳೀತು.